ಕುರಿದಾರಿಗೆ ನಾನು ಹಾಕಿದ ನಂಬರು

ಸೊಲ್ಲಾಪುರದಲ್ಲಿ ಗುಡ್ಡ ಎಲ್ಲಿದೆ ಎಂದು ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಪುಣೆಯಿಂದ ಬಂದಿದ್ದ ನಾದಿನಿಯ ಗಂಡ ಒಮ್ಮೆ ನನ್ನ ಸೈಕಲ್ಲಿನ ದಪ್ಪ ಟಾಯರನ್ನು ಒತ್ತಿ ನೋಡಿ, ಇದನ್ನು ಇಟ್ಟುಕೊಂಡು ಇಲ್ಲಿ ಏನು ಹತ್ತುತ್ತೀರಿ, ರೈಲ್ವೆ ಬ್ರಿಡ್ಜಾ ಎಂದು ನಕ್ಕ. ಮನೆಗೆ ಬಂದ ಬೀಗ ಎಂದು ಸುಮ್ಮನಿದ್ದೆ. ಅವನ ತಟ್ಟೆಗೆ ಶೇಂಗಾ ಚಟ್ನಿ ಮಾತ್ರ ಎರಡನೇ ಸಲ ಬಡಿಸಲಿಲ್ಲ.

ಗುಡ್ಡ ಇವೆ. ಅಕ್ಕಲಕೋಟ ರಸ್ತೆಯ ಕಡೆ ನಮ್ಮ ಬಡಾವಣೆಯ ಕೊನೆಯ ಸಾಲು ದಾಟಿ, ಟಾವೆಲ್ ಮಗ್ಗಗಳ ತಗಡಿನ ಶೆಡ್ಡು ದಾಟಿ, ಕಸದ ರಾಶಿಯನ್ನೂ ದಾಟಿದರೆ ಕರಿಕಲ್ಲಿನ ಮರಡಿಗಳು ಶುರುವಾಗುತ್ತವೆ. ಎತ್ತರ ಇಲ್ಲ, ಒಪ್ಪಿದೆ. ಆದರೆ ಒಂದರ ಬೆನ್ನಿಗೆ ಒಂದು ಐದು ಮರಡಿಗಳಿವೆ, ಕಾಲಿಟ್ಟರೆ ಜಾರುವ ಗೊರಚು ಕಲ್ಲು, ಮೊಣಕಾಲೆತ್ತರದ ಒಣ ಹುಲ್ಲು, ನಡುನಡುವೆ ಜಾಲಿಮುಳ್ಳು. ದಪ್ಪ ಟಾಯರಿನ ಸೈಕಲ್ಲಿಗೆ ಇದಕ್ಕಿಂತ ಏನು ಬೇಕು? ಪುಣೆಯವರು ಇದನ್ನು ಕಂಡಿದ್ದರೆ ಒಂದು ಗೇಟು ಕಟ್ಟಿ ಟಿಕೆಟ್ ಇಟ್ಟಿರುತ್ತಿದ್ದರು.

ನಾನು ಕನ್ನಡ ಶಾಲೆಯೊಂದರಲ್ಲಿ ಪಿ.ಟಿ. ಟೀಚರು. ತವರು ನಾಗಣಸೂರ, ಗಂಡನ ಮನೆ ಸೊಲ್ಲಾಪುರ. ನಲವತ್ತೊಂದನೇ ವಯಸ್ಸಿಗೆ ಡಾಕ್ಟರು ನನ್ನ ಸಕ್ಕರೆ ಗಡಿಯ ಮೇಲೆ ನಿಂತಿದೆ, ದಿನಾ ನಡೆಯಿರಿ ಎಂದರು. ದಿನವಿಡೀ ಮೈದಾನದಲ್ಲಿ ನಡೆಯುವವಳಿಗೆ ಹೇಳುವ ಮಾತೇ ಇದು? ಬಡಾವಣೆಯ ತೋಟದಲ್ಲಿ ಹೆಂಗಸರ ಹಿಂಡಿನೊಡನೆ ಸುತ್ತು ಹೊಡೆಯುತ್ತಾ ಯಾರ ಸೊಸೆ ಎಷ್ಟು ಗಂಟೆಗೆ ಏಳುತ್ತಾಳೆ ಎಂದು ಕೇಳುವುದು ನನ್ನಿಂದ ಒಂದು ವಾರಕ್ಕಿಂತ ಹೆಚ್ಚು ಆಗಲಿಲ್ಲ. ಹಳೇ ಸಾಮಾನಿನ ಅಂಗಡಿಯಲ್ಲಿ ಗೇರು ಇದ್ದ ಈ ಸೈಕಲ್ಲು ಸಿಕ್ಕಿತು. ಗಂಡ ಎರಡು ದಿನ ಮಾತು ಬಿಟ್ಟರು, ಮೂರನೇ ದಿನ ಪಂಪು ತಂದುಕೊಟ್ಟರು.

ಮೊದಲ ಮೂರು ತಿಂಗಳು ನಾನು ಮಾಡಿದ್ದು ಬರೀ ಮೂರ್ಖತನ. ಗುಡ್ಡ ಎಂದರೆ ನೆಟ್ಟಗೆ ಹತ್ತಬೇಕು ಎಂದು ತಿಳಿದಿದ್ದೆ. ಅರ್ಧಕ್ಕೆ ಬಂದು ಉಸಿರು ನಿಲ್ಲುತ್ತಿತ್ತು, ಟಾಯರು ಜಾರುತ್ತಿತ್ತು, ಇಳಿದು ತಳ್ಳುತ್ತಿದ್ದೆ. ಮುಳ್ಳು ಚುಚ್ಚಿದರೆ ಪಂಚರಾದ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಇಳಿಯುತ್ತಿದ್ದೆ. ಹಾಗೆ ಇಳಿಯುವಾಗಲೇ ಒಂದು ದಿನ ಕಲ್ಲಿನ ಮೇಲೆ ಕೂತಿದ್ದ ಮುದುಕರೊಬ್ಬರು ಬಾಯಿಯಿಂದ ಬೀಡಿ ತೆಗೆದು ಕೇಳಿದರು.

"ಅಕ್ಕೋರ, ನೀವು ಸೈಕಲ್ ಹತ್ತಾಕ ಬರ್ತೀರೋ, ಹೊರಾಕ ಬರ್ತೀರೋ?"

ನನಗೆ ಸಿಟ್ಟು ಬಂತು. ಆಮೇಲೆ ನಗುವೂ ಬಂತು. ಅವರು ಕುರಿ ಕಾಯುವವರು. ಅವರ ಹಟ್ಟಿ ಇರುವುದು ಡಾಂಬರು ರಸ್ತೆಯ ಆಚೆ. ಈಚೆ ಮರಡಿಗಳ ಹಿಂದೆ ಕೈಬಿಟ್ಟ ಕಲ್ಲಿನ ಖಣಿಯೊಂದಿದೆ, ಅದರಲ್ಲಿ ಮಳೆನೀರು ನಿಂತು ಬೇಸಿಗೆಯ ನಡುವಿನವರೆಗೂ ಇರುತ್ತದೆ. ದಿನಾ ಬೆಳಿಗ್ಗೆ ಹಿಂಡನ್ನು ಆ ನೀರಿಗೆ ಒಯ್ದು, ಗಾಯರಾಣದಲ್ಲಿ, ಅಂದರೆ ಊರ ಗೋಮಾಳದಲ್ಲಿ ಮೇಯಿಸಿ ಸಂಜೆ ಮರಳುವುದು ಅವರ ಕೆಲಸ. ನಾನು ಅವರನ್ನು ಕಾಕಾ ಎಂದೆ, ಅವರು ನನ್ನನ್ನು ಇವತ್ತಿಗೂ ಅಕ್ಕೋರ ಎಂದೇ ಕರೆಯುತ್ತಾರೆ. ಕುರಿಗಳ ಜೊತೆ ಕನ್ನಡ, ಕಂದಾಯದ ತಲಾಠಿಯ ಜೊತೆ ಮರಾಠಿ, ಲಾರಿಯವರ ಜೊತೆ ಹಿಂದಿ. ಯಾವ ಭಾಷೆಯಲ್ಲೂ ಹೆಚ್ಚು ಮಾತಿಲ್ಲ.

ಕುರಿ ಎಂದೂ ನೆಟ್ಟಗೆ ಏರುವುದಿಲ್ಲ ಎಂದು ತೋರಿಸಿದ್ದು ಅವರೇ. ಕುರಿ ಮರಡಿಯ ಪಕ್ಕೆ ಹಿಡಿದು ಸುತ್ತಿಕೊಂಡು ಹೋಗುತ್ತದೆ, ದಮ್ಮು ಉಳಿಸಿಕೊಳ್ಳುತ್ತದೆ, ಸಡಿಲು ಕಲ್ಲಿನ ಮೇಲೆ ಕಾಲಿಡುವುದಿಲ್ಲ. ಹಿಂಡಿನ ಮುಂದೆ ಒಂದು ಮುದಿ ಕುರಿ ಇತ್ತು, ಎಡಗಿವಿ ಹರಿದದ್ದು, ಕೊರಳಲ್ಲಿ ಹಿತ್ತಾಳೆ ಗಂಟೆ. ಅದು ನಡೆದ ದಾರಿ ಒಂದು ಗೇಣು ಅಗಲ, ಹುಲ್ಲು ಸವೆದು ಮಣ್ಣು ಗಟ್ಟಿಯಾಗಿ, ಟಾಯರಿಗೆ ಅಳತೆ ತೆಗೆದು ಮಾಡಿದಂತಿತ್ತು. ನಾನು ಅದರ ಹಿಂದೆ ಸೈಕಲ್ ಬಿಟ್ಟೆ. ಮೂರನೇ ದಿನ, ಒಮ್ಮೆಯೂ ಕಾಲು ಊರದೆ ಮೊದಲ ಮರಡಿಯ ನೆತ್ತಿಗೆ ಬಂದೆ. ಅಲ್ಲಿಂದ ಒಂದು ಕಡೆ ಸೊಲ್ಲಾಪುರದ ಹಳೇ ಗಿರಣಿಯ ಚಿಮಣಿ, ಇನ್ನೊಂದು ಕಡೆ ಶಾಳು ಜೋಳದ ಹೊಲ. ಯಾರೂ ಇಲ್ಲದ ಕಡೆ ನಿಂತು ಜೋರಾಗಿ ಕೂಗಿದೆ. ಕುರಿಗಳು ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿದವು.

ಎರಡು ವರ್ಷದಲ್ಲಿ ಐದೂ ಮರಡಿಗಳ ಕುರಿದಾರಿಗಳನ್ನು ಜೋಡಿಸಿ ಒಂದು ಸುತ್ತು ಮಾಡಿಕೊಂಡೆ. ನಾನು ಒಂದು ಕಲ್ಲನ್ನೂ ಕೀಳಲಿಲ್ಲ, ಇದ್ದದ್ದನ್ನೇ ಹಿಡಿದು ಹೋದೆ. ಕೆಳಗಿನ ಇಳಿಜಾರು ರೈತರ ಪಡ ಹೊಲ, ಬರೀ ಕಲ್ಲು, ಯಾರೂ ಉತ್ತು ಬಿತ್ತಿದ್ದನ್ನು ನಾನು ಕಂಡಿಲ್ಲ. ಕುರಿ ಹಾಯ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅನ್ನುವುದಿರಲಿ, ಸುಗ್ಗಿ ಮುಗಿದ ಮೇಲೆ ಅದೇ ರೈತರು ಕಾಕಾನ ಹಟ್ಟಿಗೆ ಬಂದು, ಆಚೆಯ ಹೊಲದಲ್ಲಿ ರಾತ್ರಿ ಕುರಿ ತರುಬು, ಗೊಬ್ಬರವಾಗಲಿ ಎಂದು ಕರೆಯುತ್ತಿದ್ದರು. ಎಲ್ಲರೊಡನೆ ಎಲ್ಲವೂ ಸರಿಯಿತ್ತು. ಅಲ್ಲಿ ನಾನು ಕೈ ಹಾಕಿದೆ.

ಹೋದ ಚಳಿಗಾಲದಲ್ಲಿ ನನ್ನ ಶಾಲೆಯ ಹನ್ನೆರಡು ಹುಡುಗಿಯರನ್ನು ಒಂದು ಭಾನುವಾರ ಮರಡಿ ಹತ್ತಿಸಬೇಕು ಎಂದುಕೊಂಡೆ. ಅಣ್ಣಂದಿರ, ನೆರೆಯವರ ಸೈಕಲ್ಲು ತರುತ್ತೇವೆ ಎಂದು ಕುಣಿದರು. ದಾರಿ ತಪ್ಪಿದರೆ? ಖಣಿಯ ಕಡೆ ಇಳಿದುಬಿಟ್ಟರೆ? ಇಪ್ಪತ್ತು ವರ್ಷದಿಂದ ನಾನು ಮಾಡುತ್ತಾ ಬಂದ ಕೆಲಸ ಒಂದೇ: ಮೈದಾನದಲ್ಲಿ ಫಕ್ಕಿಯ ಗೆರೆ ಎಳೆಯುವುದು. ಫಕ್ಕಿ ಎಂದರೆ ಓಟದ ಪಟ್ಟಿಗೆ, ಖೋಖೋ ಅಂಕಣಕ್ಕೆ ಹಾಕುವ ಬಿಳಿ ಪುಡಿ. ಹಗ್ಗ ಹಿಡಿಯದೆಯೂ ನನ್ನ ಗೆರೆ ಸೊಟ್ಟ ಬರುವುದಿಲ್ಲ, ಅದು ನನಗಿರುವ ಒಂದೇ ಜಂಬ. ಶನಿವಾರ ಶಾಲೆ ಬಿಟ್ಟ ಮೇಲೆ ಎರಡು ಚೀಲ ಫಕ್ಕಿ, ಶಾಲೆಯ ಗೇಟಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣ ತೆಗೆದುಕೊಂಡು ಹೊರಟೆ. ಕುರಿದಾರಿಯ ಅಂಚಿಗೆ ಬಿಳಿ ಗೆರೆ ಎಳೆದೆ. ತಿರುವು ಬಂದಲ್ಲಿ ದೊಡ್ಡ ಕಲ್ಲಿನ ಮೇಲೆ ಬಾಣದ ಗುರುತು, ಪಕ್ಕದಲ್ಲಿ ನಂಬರು. ಒಂದರಿಂದ ಹದಿನಾಲ್ಕು.

ಕಾಕಾ ನಾಲ್ಕನೇ ನಂಬರಿನ ಹತ್ತಿರ ನಿಂತು ನೋಡುತ್ತಿದ್ದರು. ಏನು ಹಾಕುತ್ತಿದ್ದೀರಿ ಎಂದು ಕೇಳಿದರು, ಹುಡುಗಿಯರಿಗೆ ದಾರಿ ತಪ್ಪಬಾರದಲ್ಲ ಎಂದೆ. ದಾರಿ ಕಾಣದಿದ್ದರೆ ಕುರಿಯ ಹಿಂದೆ ಬರಲಿ ಎಂದರು. ನಾನು ನಕ್ಕುಬಿಟ್ಟೆ. ಒಂದು ಶಿಸ್ತು ಬೇಡವೇ ಕಾಕಾ ಎಂದು ಅವರಿಗೇ ಪಾಠ ಹೇಳಿದೆ. ಅವರು ಬೀಡಿ ಹಚ್ಚಿಕೊಂಡು ಕುರಿಗಳ ಹಿಂದೆ ಹೋದರು.

ಆ ಭಾನುವಾರ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಇಬ್ಬರು ಬಿದ್ದರು, ಒಬ್ಬಳ ಚೈನು ಹರಿಯಿತು, ಹನ್ನೆರಡೂ ಮಂದಿ ಹದಿನಾಲ್ಕನೇ ಕಲ್ಲು ಮುಟ್ಟಿದರು. ಕಡಕ ರೊಟ್ಟಿ ಮುರಿದು ತಿಂದೆವು. ಆಮೇಲೆ ಪರೀಕ್ಷೆ, ಆಮೇಲೆ ಶಾಲೆಯ ವಾರ್ಷಿಕ ಸಮ್ಮೇಳನ, ನಾನು ಮೂರು ವಾರ ಅತ್ತ ಹೋಗಲಿಲ್ಲ.

ನಾಲ್ಕನೇ ವಾರ ಹೋದರೆ ದಾರಿ ಇಲ್ಲ.

ಎರಡನೇ ನಂಬರಿನ ಬಳಿ ಜೆಸಿಬಿಯಿಂದ ತೋಡಿದ ಆಳದ ಕಾಲುವೆ. ನಾಲ್ಕನೇ ನಂಬರಿನಲ್ಲಿ, ಹಿಂಡು ಮರಡಿಗೆ ತಿರುಗುವ ಜಾಗಕ್ಕೇ ಎದೆಮಟ್ಟದ ಕಲ್ಲಿನ ಒಡ್ಡು, ಮೇಲೆ ಜಾಲಿಮುಳ್ಳು. ಆಚೆ ಒಂದು ಹೊಸ ತಗಡಿನ ಶೆಡ್ಡು, ಒಳಗೆ ಏನೂ ಇಲ್ಲ. ಕಲ್ಲು ಬಿಟ್ಟರೆ ಬೇರೇನೂ ಬೆಳೆಯದ ಇಳಿಜಾರಿನಲ್ಲಿ ಮಾರಿಗೊಂದರಂತೆ ದಾಳಿಂಬೆ ಸಸಿ, ಕೊಡದಲ್ಲಿ ನೀರು ತಂದು ಹಾಕಿದ ಗುರುತು. ಸೈಕಲ್ಲನ್ನು ಬಿಸಾಡಿ ಬೈದೆ. ನನ್ನ ಮೇಲಿನ ಹೊಟ್ಟೆಕಿಚ್ಚಿಗೆ ಯಾರೋ ಮಾಡಿದ್ದಾರೆ ಎಂದುಕೊಂಡೆ. ನೋಡಿ ನನ್ನ ಜಂಬ, ನನ್ನ ಮೇಲೆ ಹೊಟ್ಟೆಕಿಚ್ಚು ಪಡುವವರು ಯಾರು?

ಸಸಿಗೆ ನೀರು ಹಾಕುತ್ತಿದ್ದ ಬಿಳಿ ಟೊಪ್ಪಿಗೆಯ ರೈತರೊಬ್ಬರು ನನ್ನ ಟ್ರ್ಯಾಕ್ ಪ್ಯಾಂಟು, ಕೊರಳಲ್ಲಿನ ಸೀಟಿ ನೋಡಿ ಕೊಡ ಕೆಳಗಿಟ್ಟು ಬಂದರು. ಬಹಳ ಮರ್ಯಾದೆಯಿಂದ, ಮ್ಯಾಡಂ ನೀವು ರಸ್ತೆಯ ಆಫೀಸಿನವರೇ, ಮೋಜಣಿ ಮುಂದೆ ಯಾವಾಗ ಎಂದು ಕೇಳಿದರು. ಮೋಜಣಿ ಎಂದರೆ ಭೂಮಿಯ ಅಳತೆ. ಆಗ ನನಗೆ ಒಮ್ಮೆಲೇ ಎಲ್ಲ ತಿಳಿಯಿತು. ನಮ್ಮ ಕಡೆ ಹೊಲದಲ್ಲಿ ಬಿಳಿ ಗೆರೆ, ಕಲ್ಲಿನ ಮೇಲೆ ಕೆಂಪು ನಂಬರು ಎರಡೂ ಒಟ್ಟಿಗೆ ಬರುವುದು ದೊಡ್ಡ ರಸ್ತೆ ಬರುವಾಗ ಮಾತ್ರ. ರಸ್ತೆ ಬಂದರೆ ಬರೀ ಹೊಲಕ್ಕೆ ಒಂದು ಪರಿಹಾರ, ಹಣ್ಣಿನ ಗಿಡಕ್ಕೆ, ಶೆಡ್ಡಿಗೆ, ಒಡ್ಡಿಗೆ ಬೇರೆ ಪರಿಹಾರ. ನೆರೆಯ ತಾಲೂಕಿನ ಬೀಗರಿಂದ ಎಲ್ಲರೂ ಕೇಳಿ ಕಲಿತಿದ್ದರು. ಆ ಗೆರೆ ನಾನೇ ಹಾಕಿದ್ದು, ಶಾಲೆಯ ಹುಡುಗಿಯರು ಸೈಕಲ್ ಹೊಡೆಯಲೆಂದು, ಎಂದು ಹೇಳಿದೆ.

ಅವರು ಟೊಪ್ಪಿಗೆ ತೆಗೆದು ಕೊಡವಿ ಹೇಳಿದರು.

"ಮ್ಯಾಡಂ, ನಾವು ಹಳ್ಳ್ಯಾಗಿನ ಮಂದಿ ಖರೆ. ಆದ್ರ ಸೈಕಲ್ ಆಡಾಕ ಯಾರರ ಎರಡು ಚೀಲ ಫಕ್ಕಿ ಸುರೀತಾರೇನ್ರಿ?"

ಕೇಳಿದ ಕೂಡಲೇ ನನಗೂ ಅದು ನಂಬುವ ಮಾತಲ್ಲ ಎನ್ನಿಸಿತು.

ಮುಂದೆ ನಡೆದು ನೋಡಿದೆ. ಏಳನೇ ಕಲ್ಲು ಇದ್ದ ಜಾಗದಲ್ಲಿಲ್ಲ. ಅರ್ಧ ಫರ್ಲಾಂಗು ಆಚೆ, ಇನ್ನೊಬ್ಬರ ಹೊಲದ ನಡುವೆ ಕೂತಿದೆ. ಒಂಬತ್ತನೆಯದು ಎಡಕ್ಕೆ, ಹನ್ನೊಂದನೆಯದು ಕೆಳಕ್ಕೆ. ಗೆರೆಯೂ ಹಾಗೇ ಬಳುಕಿ ಬಳುಕಿ ಒಂದೊಂದು ಹೊಲವನ್ನೂ ಮುಟ್ಟಿಕೊಂಡು ಹೋಗಿದೆ. ಗೆರೆಯಿಂದ ತಪ್ಪಿದವರು ನಂಬರಿನ ಕಲ್ಲನ್ನು ಹೊತ್ತುಕೊಂಡು ಹೋಗಿ ತಮ್ಮ ಹೊಲದಲ್ಲಿಟ್ಟು, ಸುಣ್ಣ ತಂದು ಹೊಸ ಗೆರೆ ಎಳೆದಿದ್ದರು. ಸೊಟ್ಟ ಗೆರೆ. ಅಲ್ಲಲ್ಲಿ ಉಂಡೆ ಉಂಡೆ ಬಿದ್ದ ಸುಣ್ಣ. ಅಷ್ಟೆಲ್ಲ ಸಿಟ್ಟಿನ ನಡುವೆಯೂ, ನನ್ನ ಹೆಸರಲ್ಲಿ ಇಂಥ ಕೆಟ್ಟ ಗೆರೆ ಎಳೆದರಲ್ಲ ಎಂದು ಬೇರೆ ಸಿಟ್ಟು ಬಂತು.

ಸರಿ, ಸರಕಾರದಿಂದಲೇ ಹೇಳಿಸೋಣ ಎಂದು ತಹಶೀಲ್ದಾರ ಕಚೇರಿಗೆ ಹೋದೆ. ಮರಡಿಗಳ ಮೇಲೆ ಯಾವ ರಸ್ತೆಯೂ ಬರುವುದಿಲ್ಲ ಎಂದು ಒಂದು ಕಾಗದ ಕೊಡಿ, ಒಡ್ಡಿನ ಮೇಲೆ ಅಂಟಿಸುತ್ತೇನೆ ಎಂದು ಮರಾಠಿಯಲ್ಲಿ ಅರ್ಜಿ ಬರೆದೆ. ಗುಮಾಸ್ತರು ಅದನ್ನು ಎರಡು ಸಲ ಓದಿದರು. ಬರುವ ರಸ್ತೆಗೆ ಕಾಗದ ಇರುತ್ತದೆ, ಬಾರದ ರಸ್ತೆಗೆ ಎಲ್ಲಿಂದ ತರಲಿ ಎಂದರು. ಒಬ್ಬರಿಂದ ಇನ್ನೊಬ್ಬರ ಟೇಬಲ್ಲಿಗೆ, ಅಲ್ಲಿಂದ ಊಟದ ಹೊತ್ತಿಗೆ. ಮೂರು ಸಲ ಶಾಲೆಗೆ ಅರ್ಧ ದಿನ ರಜೆ ಹಾಕಿದೆ. ಮೂರನೇ ಸಲ ಆ ಗುಮಾಸ್ತರು ನನ್ನನ್ನು ವರಾಂಡಕ್ಕೆ ಕರೆದು, ಗೆರೆ ಯಾವ ಕಡೆ ತಿರುಗಿದೆ, ತಮ್ಮ ಮಾವನ ಹೊಲ ಆ ಮರಡಿಯ ಹಿಂದೆಯೇ ಇದೆ ಎಂದು ಮೆಲ್ಲಗೆ ಕೇಳಿದರು. ನಾನು ಅಲ್ಲಿಯೇ ಹಣೆ ಹಣೆ ಬಡಿದುಕೊಂಡೆ.

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಅಳಿಸಿದರೆ ಮುಗಿಯಿತಲ್ಲ ಎಂದು ಸೀಮೆಣ್ಣೆ, ಚಿಂದಿ, ತಂತಿಯ ಬ್ರಶ್ಶು ತೆಗೆದುಕೊಂಡು ಹೋಗಿ ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರಿಗೆ ನಂಬರು ತಿಕ್ಕಿದೆ. ಮೂರು ಕಲ್ಲು ಆಗುವಷ್ಟರಲ್ಲಿ ಹತ್ತು ಮಂದಿ ಕೂಡಿದರು. ಯಾರೋ ದೊಡ್ಡವರು ರಸ್ತೆಯನ್ನು ತಮ್ಮ ಜಮೀನಿನ ಕಡೆ ಎಳೆದುಕೊಂಡಿದ್ದಾರೆ, ಅದಕ್ಕೇ ಈ ಹೆಂಗಸನ್ನು ಕಳಿಸಿ ಹಳೇ ಗುರುತು ಅಳಿಸುತ್ತಿದ್ದಾರೆ ಎಂದು ಒಬ್ಬರು ಹೇಳಿದ್ದೇ ತಡ, ಎಲ್ಲರಿಗೂ ಅದು ಖರೆ ಅನ್ನಿಸಿತು. ನನ್ನ ಫೋಟೊ ಹೊಡೆದುಕೊಂಡರು. ಕೈಯಿಂದ ಬ್ರಶ್ಶು ಕಸಿದರು. ಅಲ್ಲಿಯವರೆಗೆ ಅನುಮಾನದಲ್ಲಿದ್ದ ಇಬ್ಬರು ಮಾರನೇ ದಿನವೇ ಬೇಲಿ ಹಾಕಿಸಿದರು. ಮನೆಗೆ ಬಂದು ಗಂಡನ ಮೇಲೆ ಹರಿಹಾಯ್ದೆ. ಅವರು ಪಾಪ, ಪಂಪಿಗೆ ಎಣ್ಣೆ ಬಿಡುತ್ತಾ ಕೂತಿದ್ದರು.

ಇಷ್ಟೆಲ್ಲ ಓಡಾಟದಲ್ಲಿ ನಾನು ನನ್ನ ಸೈಕಲ್ಲಿನ ದಾರಿಯನ್ನೇ ನೆನೆಯುತ್ತಿದ್ದೆ. ಕುರಿಗಳು ನೀರಿಗೆ ಹೇಗೆ ಹೋಗುತ್ತಿವೆ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಅದು ತಿಳಿದದ್ದು ಒಂದು ಬೆಳಿಗ್ಗೆ, ಡಾಂಬರು ರಸ್ತೆಯ ಮೇಲೆ. ನಾನು ಸೈಕಲ್ಲಿನಲ್ಲಿ ಹೊರಟಿದ್ದೆ. ಮುಂದೆ ಲಾರಿಗಳು ಹಾರ್ನು ಹೊಡೆಯುತ್ತಾ ನಿಂತಿದ್ದವು, ನಡುವೆ ಕಾಕಾನ ಹಿಂಡು. ಮೊದಲಾದರೆ ಹಟ್ಟಿಯ ಎದುರಿಗೇ ಒಮ್ಮೆ ರಸ್ತೆ ದಾಟಿ ನೇರ ಮರಡಿಗೆ ಏರುತ್ತಿದ್ದವು. ಈಗ ಒಡ್ಡು, ಕಾಲುವೆ, ಬೇಲಿ ಎಲ್ಲವನ್ನೂ ಸುತ್ತಿಕೊಂಡು, ಎರಡು ಕಿಲೋಮೀಟರು ಲಾರಿಗಳ ನಡುವೆ ನಡೆದು ಖಣಿ ಮುಟ್ಟಬೇಕು. ಕಾಕಾ ಹೆಗಲ ಮೇಲೆ ಒಂದು ಮರಿಯನ್ನು ಹೊತ್ತಿದ್ದರು. ಹಿಂಗಾಲು ಜೋತಾಡುತ್ತಿತ್ತು. ಇನ್ನೊಂದು ಮರಿ ಹೋದ ವಾರವೇ ಗಾಲಿಗೆ ಸಿಕ್ಕು ಸತ್ತಿತ್ತು ಎಂದು ಆಮೇಲೆ ಹೇಳಿದರು. ಹಿಂಡು ದಾಟಿ ಪಕ್ಕಕ್ಕೆ ಸರಿದ ಮೇಲೆ ನಾನು ಇಳಿದು ಅವರ ಹತ್ತಿರ ಹೋದೆ. ತಪ್ಪು ನನ್ನದು ಕಾಕಾ, ಮಂದಿಗೆ ಎಷ್ಟು ಹೇಳಿದರೂ ಕೇಳುತ್ತಿಲ್ಲ ಎಂದೆ. ನಾನೂ ಹೇಳಿದ್ದೆ ಎಂದರು ಅವರು. ಇದು ಸಾಲಿ ಅಕ್ಕೋರ ಸೈಕಲ್ಲಿನ ಗೆರೆ ಎಂದು ಮೊದಲ ದಿನವೇ ಎಲ್ಲರಿಗೂ ಹೇಳಿದ್ದರಂತೆ. ನಿನಗೆ ಕುರಿ ಮೇಯಿಸಲು ಜಾಗ ಬೇಕು, ಅದಕ್ಕೆ ಸುಳ್ಳು ಹೇಳುತ್ತೀ ಎಂದು ರೈತರು ಅವರನ್ನೇ ಬೈದು ಕಳಿಸಿದ್ದರು. ಅವರನ್ನು ಯಾರೂ ಇನ್ನು ಕುರಿ ತರುಬಲು ಕರೆಯುತ್ತಿರಲಿಲ್ಲ.

ಮರಿಯನ್ನು ಕೆಳಗಿಳಿಸಿ ಕಾಲು ಒತ್ತಿ ನೋಡಿದರು. ನನ್ನ ಕಡೆ ನೋಡದೆಯೇ ಕೇಳಿದರು.

"ಅಕ್ಕೋರ, ನಿಮಗ ದಾರಿ ನಾ ತೋರ್ಸಿದ್ನಲ್ಲ. ನಾ ಎಲ್ಲೆರ ಗುರ್ತು ಹಾಕಿದ್ನೇನ್ರಿ?"

ಅವರ ಅಪ್ಪನ ಕಾಲದಿಂದ ಆ ದಾರಿ ಇತ್ತು. ಕಲ್ಲಿನ ಮೇಲೆ ಕಲ್ಲಿಡದೆ, ಯಾರ ಕಣ್ಣಿಗೂ ಬೀಳದೆ ನಡೆದದ್ದಕ್ಕೇ ಅದು ಅಷ್ಟು ದಿನ ಉಳಿದಿತ್ತು. ನಾನು ಒಂದು ಶನಿವಾರದಲ್ಲಿ ಅದನ್ನು ಎಲ್ಲರಿಗೂ ಕಾಣುವಂತೆ ಮಾಡಿದೆ.

ಮರಿಯನ್ನು ಆಟೋದಲ್ಲಿ ದನದ ದವಾಖಾನೆಗೆ ಒಯ್ದೆ. ಪಟ್ಟಿ ಕಟ್ಟಿದರು, ಬದುಕಿತು, ಈಗ ಕುಂಟುತ್ತದೆ. ಮಳೆಗೆ ಫಕ್ಕಿ ತೊಳೆದು ಹೋಯಿತು, ದಾಳಿಂಬೆ ಅರ್ಧ ಒಣಗಿದವು, ರಸ್ತೆ ಬರಲಿಲ್ಲ. ಒಡ್ಡನ್ನು ಮಾತ್ರ ಯಾರೂ ಕೆಡವಲಿಲ್ಲ. ಒಬ್ಬೊಬ್ಬರ ಮನೆಗೂ ಹೋಗಿ ಕೈಮುಗಿದು ಕೇಳಿದ್ದೇನೆ, ಒಂದು ಮಾರು ಕಂಡಿ ಬಿಡಿ, ಕುರಿ ಹೋಗಲಿ ಎಂದು. ಚಹಾ ಕೊಡುತ್ತಾರೆ, ನೋಡೋಣ ಎನ್ನುತ್ತಾರೆ. ಮೊದಲು ನೆರೆಯವರು ಬಿಡಲಿ, ಆಮೇಲೆ ನಾನು ಎಂದು ಪ್ರತಿಯೊಬ್ಬರೂ ಹೇಳುತ್ತಾರೆ.

ಹೀಗಾಗಿ ಈಗ ನಾನು ಶಾಲೆಗೆ ಹೋಗುವ ಮುಂಚೆ, ದಿನಾ ಬೆಳಿಗ್ಗೆ ರಸ್ತೆಯಲ್ಲಿ ಸೀಟಿ ಹಿಡಿದು ನಿಲ್ಲುತ್ತೇನೆ. ಸೈಕಲ್ಲು ಬೇವಿನ ಮರಕ್ಕೆ ಆತು ನಿಂತಿರುತ್ತದೆ. ನಾನು ಕೈ ಅಡ್ಡ ಚಾಚಿ ಸೀಟಿ ಊದುತ್ತೇನೆ, ಕೆಲವು ಲಾರಿ ನಿಲ್ಲುತ್ತವೆ, ಕೆಲವು ಬೈದು ಹೋಗುತ್ತವೆ. ನನ್ನ ಸೀಟಿಗೆ ಮುನ್ನೂರು ಹುಡುಗಿಯರು ಸಾಲಾಗಿ ನಿಲ್ಲುತ್ತಾರೆ, ಇಲ್ಲಿ ಎಷ್ಟೋ ಡ್ರೈವರರ ಕಾಲು ಬ್ರೇಕಿನ ಮೇಲೆ ಹೋಗುವುದೇ ಇಲ್ಲ. ಮೊನ್ನೆ ಬಿಳಿ ಟೊಪ್ಪಿಗೆಯ ಆ ರೈತರು ಮೋಟರ್‌ಸೈಕಲ್ ನಿಲ್ಲಿಸಿ, ಮ್ಯಾಡಂ, ಈ ರಸ್ತೆಯನ್ನು ಅಗಲ ಮಾಡುತ್ತಾರೇನು ಎಂದು ಕೇಳಿದರು. ನಾನು ಸಿಟ್ಟಿಗೇಳಲಿಲ್ಲ. ನನ್ನಲ್ಲಿ ಸಿಟ್ಟು ಅಷ್ಟು ಉಳಿದಿಲ್ಲ.

ಎಡಗಿವಿ ಹರಿದ ಆ ಮುದಿ ಕುರಿಗೆ ಮಾತ್ರ ಯಾರಿಂದಲೂ ಏನೂ ತಿಳಿಸಲಾಗಿಲ್ಲ. ರಸ್ತೆ ದಾಟಿದ ಕೂಡಲೇ ಅದು ದಿನಾ ಹಳೆಯ ತಿರುವಿಗೇ ಹೋಗಿ ಒಡ್ಡಿನ ಮುಂದೆ ನಿಲ್ಲುತ್ತದೆ. ಅಲ್ಲಿ ನಾನು ತಿಕ್ಕಿಯೂ ಪೂರ್ತಿ ಹೋಗದ ಕೆಂಪು ನಾಲ್ಕು ಇನ್ನೂ ಇದೆ. ಮುಂದಿನದು ನಿಂತರೆ ಹಿಂಡೆಲ್ಲ ನಿಲ್ಲುತ್ತದೆ, ಹಿಂದಿನ ಅರ್ಧ ಇನ್ನೂ ಡಾಂಬರಿನ ಮೇಲೆಯೇ. ಕಾಕಾ ಹೋಗಿ ಅದರ ಕೊರಳು ಹಿಡಿದು, ಇಲ್ಲ ಬಾರವ್ವ, ಇತ್ತ ಬಾ ಎಂದು ತಿರುಗಿಸುತ್ತಾರೆ. ಅದು ತಿರುಗುತ್ತದೆ, ಮರುದಿನ ಮತ್ತೆ ಅಲ್ಲೇ ನಿಲ್ಲುತ್ತದೆ. ಇವತ್ತೂ ನಾನು ಅದನ್ನೇ ನೋಡುತ್ತಾ ನಿಂತುಬಿಟ್ಟಿದ್ದೆ.

"ಅಕ್ಕೋರ, ಸೀಟಿ ಊದ್ರಿ," ಎಂದರು ಕಾಕಾ. "ಲಾರಿ ಬಂತು."